ಅಳಿಸಿದ ಮೇಲೆ ಬರೆದದ್ದು

ಸಿಂದಗಿ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಜುಲ್ಫಿಕರ ಎರಡು ವರ್ಷದ ಹಿಂದೆ ಒಂದು ಸುಳ್ಳು ಹೇಳಿದ್ದ.

ತಾಂಬಾದ ನಿವೃತ್ತ ಮಾಸ್ತರ ಗುರಲಿಂಗಪ್ಪ, ಶುರುವಾಗದೆ ನಿಂತ ತಮ್ಮ ಕಂಪ್ಯೂಟರನ್ನು ಟೆಂಪೋದಲ್ಲಿ ತಂದಿದ್ದರು. ಹೊಲ, ಅಡುಗೆ, ದನಕರುಗಳ ಹಳೆಯ ಶಬ್ದಗಳನ್ನು ಹಿರಿಯರಿಂದ ಕೇಳಿ ಒಂಬತ್ತು ವರ್ಷ ಅದರಲ್ಲಿ ಟೈಪು ಮಾಡಿದ್ದರು. ಅಂದು ಅಂಗಡಿಯಲ್ಲಿ ಗದ್ದಲ. ಜುಲ್ಫಿಕರ ಒಳಗೇನಿದೆ ಎಂದು ಕೇಳದೆ ಡಿಸ್ಕನ್ನು ಅಳಿಸಿ ಹೊಸ ವಿಂಡೋಸ್ ಹಾಕಿಬಿಟ್ಟ.

"ನನ್ನ ಶಬ್ದ ಎಲ್ಲಾ ಅದಾವಿಲ್ಲೋ ತಮ್ಮಾ?"

ಜುಲ್ಫಿಕರನಿಗೆ ತನ್ನ ತಪ್ಪು ಆಗ ಹೊಳೆಯಿತು. "ಡಿಸ್ಕ್ ಮೊದಲ ಕೆಟ್ಟಿತ್ರಿ ಸರ್. ಏನೂ ಉಳಿದಿದ್ದಿಲ್ಲ" ಎಂದ.

"ಹೋಗ್ಲಿ ಬಿಡು, ನೀ ಏನ ಮಾಡ್ತಿ" ಎಂದು ಮಾಸ್ತರರು ಅವನಿಗೇ ಸಮಾಧಾನ ಹೇಳಿ ಹೋದರು.

ಆ ಸಮಾಧಾನ ಅವನಿಗೆ ಜೀರ್ಣವಾಗಲಿಲ್ಲ. ಕೆಟ್ಟ ಕಂಪ್ಯೂಟರಿನ ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ ಅದನ್ನು ಶುರು ಮಾಡಬಹುದೆಂದು ಓದಿ, ಅಂಥ ಪೆನ್‌ಡ್ರೈವೊಂದನ್ನು ತಾನೇ ಕಟ್ಟಲು ಕೂತ. ಬೇಡದ್ದೆಲ್ಲ ತೆಗೆದು, ಡಿಸ್ಕ್ ನೋಡುವ, ನಕಲು ಮಾಡುವ, ಅಳಿಸಿದ್ದನ್ನು ಹುಡುಕುವ ಸಲಕರಣೆ ಮಾತ್ರ ಇಟ್ಟ. ಏಳು ಸಲ ಪರದೆ ಕಪ್ಪಾಗಿಯೇ ಉಳಿಯಿತು. ಎಂಟನೆಯ ಸಲ ಬೆಳಗಿತು. ಇಂಡಿ ಊರಿನ ವಕೀಲರೊಬ್ಬರ ಕಾಗದಪತ್ರ, ಯಾರದೋ ಮದುವೆಯ ಫೋಟೋ, ಎಷ್ಟೋ ಉಳಿದವು. ಜನ ಕೈಮುಗಿದಾಗೆಲ್ಲ ಮಾಸ್ತರರು ನೆನಪಾಗುತ್ತಿದ್ದರು. ತಾಂಬಾಕ್ಕೆ ಹೋಗುವ ಧೈರ್ಯ ಮಾತ್ರ ಆಗಿರಲಿಲ್ಲ.

ಕಡೆಗೆ ಒಂದು ಭಾನುವಾರ ಹೋದ. ಮಾಸ್ತರರು ಅದೇ ಕಂಪ್ಯೂಟರಿನ ಮುಂದೆ ಕೂತಿದ್ದರು.

"ಬಾ ಬಾ! ಮತ್ತ ಮೊದಲಿಂದ ಶುರು ಮಾಡೇನಿ ನೋಡು. ಈ ಸಲ ಹಿರ್ಯಾರು ಮಾತಾಡೂದನ್ನ ಮೊಬೈಲನ್ಯಾಗ ವಿಡಿಯೋ ಹಿಡದು ಇದರಾಗ ಹಾಕೇನಿ. ಡಿಸ್ಕ್ ತುಂಬಾಕ ಬಂದೈತಿ."

ಅಳಿಸಿದ್ದರ ಗುರುತು ಡಿಸ್ಕಿನಲ್ಲಿ ಉಳಿದಿರುತ್ತದೆ ಎಂದು ಜುಲ್ಫಿಕರನಿಗೆ ಈಗ ಗೊತ್ತಿತ್ತು. ಹೊಸದು ತುಂಬಿದಷ್ಟೂ ಹಳೆಯದರ ಗುರುತು ಅಳಿಯುತ್ತದೆ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಮಾಸ್ತರರು ಕುರ್ಚಿ ಬಿಟ್ಟೆದ್ದು ಅವನಿಗೆ ಜಾಗ ಕೊಟ್ಟರು.

ಪೆನ್‌ಡ್ರೈವ್ ಹಾಕಿ ಬೆಳಗಿನಿಂದ ಸಂಜೆಯವರೆಗೆ ಹುಡುಕಿದ. ಸಿಕ್ಕಿದ್ದು ಒಂದೇ ಹಾಳೆ. ಮೇಲೆ 'ಲಾಲಬಿ ಹೇಳಿದ್ದು' ಎಂದಿತ್ತು. ಕೆಳಗೆ ಹನ್ನೊಂದು ಶಬ್ದ, ಆಮೇಲೆ ಅರ್ಥವಿಲ್ಲದ ಅಕ್ಷರಗಳು.

"ಆಕಿ ಮುನ್ನೂರ ಶಬ್ದ ಹೇಳಿದ್ಲು" ಎಂದರು ಮಾಸ್ತರರು. "ಹೋದ ವರ್ಷ ತೀರಕೊಂಡ್ಲು." "ಅವತ್ತ ಖರೇ ಹೇಳಿದ್ದಿ ಅಂದ್ರ ನಾ ಈ ಡಬ್ಬಿ ಮುಟ್ಟತಿದ್ದಿಲ್ಲಲ್ಲೋ" ಎಂದರು.

ಮಾಸ್ತರರು ಒಂದು ನೋಟಬುಕ್ ತೆಗೆದು, "ಓದು" ಎಂದರು. ಅವನು ಒಂದೊಂದೇ ಶಬ್ದ ಓದಿದ, ಅವರು ನಿಧಾನಕ್ಕೆ ಬರೆದುಕೊಂಡರು. ಹನ್ನೊಂದನೆಯದನ್ನು ಬರೆದು, ತಲೆ ಎತ್ತದೆ ಕೇಳಿದರು:

"ಮುಂದ?"

"ಮುಗೀತ್ರಿ ಸರ್."