ಐದನೆಯದು ಅಡ್ಡ

ಮರದ ಹೊಟ್ಟು ಮೂಗಿಗೇರುತ್ತಿದೆ, ಸೀನು ಬರುತ್ತಿದೆ, ಬರಬಾರದು, ಸೀನಿದರೆ ಗರಗಸ ಗೆರೆ ತಪ್ಪುತ್ತದೆ, ಗೆರೆ ತಪ್ಪಿದರೆ ಅಪ್ಪ ಗೆದ್ದ — ಶೀಟಿನ ಆ ತುದಿ ಹಿಡಿದು ಕೂತಿದ್ದಾನೆ, ಬೆಳಗ್ಗೆ ಬೇಕಾದಷ್ಟು ಮಾತಾಡಿದ, ನಾಕೇ ಬಾಗ್ಲು ಬರೋದು ಕಣಮ್ಮಿ, ನಲವತ್ತು ವರ್ಸ ಮರ ಕುಯ್ದಿವ್ನಿ, ಐದು ಬಂದ್ರೆ ಈ ಗರಗಸ ನಿಂದೇ, ಬರ್ನಿಲ್ವಾ, ನಾಳಿಂದ ಅಂಗ್ಡಿ ಒಳ್ಗೆ ಕಾಲಿಡ್ಬ್ಯಾಡ. ಆಗಲಿ ಅಂದೆ. ಅನ್ನದೆ ಬಿಡುತ್ತೇನೆಯೇ? ಬಸ್ಸಿನ ತಲೆಯ ಮೇಲೆ ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಸುತ್ತಿ ಬಂದ ಒಂದೇ ಒಂದು ಪ್ಲೈವುಡ್ ಶೀಟು, ಎಂಟಡಿ ಉದ್ದ, ನಾಲ್ಕಡಿ ಅಗಲ, ಶಾಲೆಯ ಬೀರುಗಳಿಗೆ ಬೇಕಾದದ್ದು ಐದು ಬಾಗಿಲು, ಮೂರಡಿ ಎತ್ತರ, ಎರಡಡಿ ಅಗಲ, ಗರಗಸ ತಿನ್ನುವುದನ್ನೂ ಲೆಕ್ಕ ಹಿಡಿದು ಕಾಲಂಗುಲ ಕಮ್ಮಿ. ಅಪ್ಪ ಎಲ್ಲವನ್ನೂ ಉದ್ದಕ್ಕೇ ಮಲಗಿಸಿ ಗೆರೆ ಎಳೆದ, ನಾಲ್ಕು ಬಂತು, ತುದಿಯಲ್ಲಿ ಎರಡಡಿ ಪಟ್ಟಿ ದಂಡ. ಒಂದನ್ನು ತಿರುಗಿಸಿದರೆ ಆಯಿತಲ್ಲ! ಮರದ ನರ ಅಡ್ಡ ಬಂದ್ರೆ ಬಾಗ್ಲು ಸೀಳೋಯ್ತದೆ ಕಣಮ್ಮಿ. ತೇಗಕ್ಕೆ ಸರಿ, ಹೊನ್ನೆಗೆ ಸರಿ — ಇದು ಅಲಗೆಯಲ್ಲ ಕಣಪ್ಪ, ಪದರದ ಮ್ಯಾಲೆ ಪದರ ಅಡ್ಡಡ್ಡ ಇಟ್ಟು ಅಂಟ್ಸವ್ರೆ, ಎತ್ಲಾಗೆ ತಿರುಗ್ಸಿದ್ರೂ ಒಂದೇ. ಕೇಳಿದನೇ? ನಿನ್ನೆ ಒಲೆಯ ಮುಂದೆ ಬೆಂಕಿಪೊಟ್ಟಣ ಜೋಡಿಸಿ ನೋಡುತ್ತಿದ್ದೆ, ನಾಲ್ಕು ಉದ್ದಕ್ಕೆ, ಐದನೆಯದು ಅಡ್ಡ, ಹೊಂದಿತು, ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು, ಏನಮ್ಮಿ ಗ್ಯಾನ ಎತ್ಲಾಗೈತೆ ಅಂತ ಅವ್ವ ಬೈದಳು, ಬೈಯಲಿ, ನಗು ತಡೆಯಲಾಗಲಿಲ್ಲ. ಅಡಿಗೆಮನೆಯಲ್ಲಿ ಸಿಕ್ಕ ಲೆಕ್ಕವೆಂದು ಅಂಗಡಿಯಲ್ಲಿ ಸುಳ್ಳಾಗುತ್ತದೆಯೇ?

ನಾಲ್ಕು ಬಾಗಿಲು ಗೋಡೆಗೆ ಒರಗಿವೆ, ಪಟ್ಟಿಯಿಂದ ಐದನೆಯದು ಬಿಡಿಸಿಕೊಳ್ಳುತ್ತಿದೆ, ಇನ್ನು ನಾಲ್ಕು ಬೆರಳು, ಎರಡು, ಬೆವರು ಕಣ್ಣಿಗಿಳಿಯುತ್ತದೆ, ಒರೆಸುವುದಿಲ್ಲ, ಟಪ್ಪೆಂದಿತು, ಬಂತು. ಅಪ್ಪ ಅಳೆಯುತ್ತಾನೆ. ಮತ್ತೆ ಅಳೆಯುತ್ತಾನೆ. ಎರಡು ಅಂಚು ಹಿಡಿದು ಮೊಣಕಾಲಿಗೆ ಕೊಟ್ಟು ಬಗ್ಗಿಸುತ್ತಾನೆ, ಸೀಳು, ಸೀಳು ಎಂದು ಕಾಯುತ್ತಿದ್ದಾನೆ, ಅದು ಸೀಳುವುದಿಲ್ಲ. ನಾಲ್ಕರ ಪಕ್ಕಕ್ಕೆ ನಿಲ್ಲಿಸಿ ನೋಡಿದ, ಅವುಗಳ ನರ ಮೇಲಕ್ಕೆ, ಇದರದು ಪಕ್ಕಕ್ಕೆ, ಅಂಗೈಯಿಂದ ಸವರಿದ, ಮತ್ತೆ ಸವರಿದ, ಹೊಟ್ಟು ಕೊಡವಿ ಎದ್ದು ಬೀಡಿ ಹುಡುಕುತ್ತಾ ಹೊರಗೆ ಹೋದ. ಗರಗಸ ವಾಪಸು ಕೇಳಲಿಲ್ಲ. ಕೇಳಿದರೂ ಕೊಡುತ್ತಿರಲಿಲ್ಲ, ಅದರ ಹಿಡಿ ನನ್ನ ಬೆವರಿಗೆ ಒದ್ದೆಯಾಗಿದೆ, ನಾಳೆ ಬೆಳಗ್ಗೆ ಅಂಗಡಿ ಬಾಗಿಲು ನಾನೇ ತೆಗೆಯುತ್ತೇನೆ, ಯಾರು ಬೇಡ ಅನ್ನುತ್ತಾರೋ ಅನ್ನಲಿ, ಗೋಡೆಯ ಹತ್ತಿರ ನಾಲ್ಕು, ಅವುಗಳ ಪಕ್ಕದಲ್ಲಿ ಅದು, ಐದನೆಯದು, ಅಡ್ಡ ನರದ್ದು —