ಬೇಕರಿ ಸೊಸೆ ಊರು ಬಿಟ್ಟಳಂತೆ

ನಾನೂ ಸೊಸೆಯೂ ಒಂದೇ ಕಾದಂಬರಿಯನ್ನು ಹಾಳೆ ಕಿತ್ತುಬರುವಷ್ಟು ಸಲ ಓದಿದವರು. ಗಿರಣಿ ಮುಚ್ಚಿದ ಸಣ್ಣ ಊರು, ಒಬ್ಬರ ಮೇಲೊಬ್ಬರು ಗೂಬೆ ಕೂರಿಸುವ ಜನ, ಅವರ ನಡುವೆ ಗಂಡ ಸತ್ತಮೇಲೂ ಅತ್ತೆಯ ಜೊತೆ ಬೇಕರಿ ನಡೆಸುವ ಹೆಂಗಸು. ನನ್ನ ಮಗ ಹೋದಮೇಲೆ ಅದು ನಮ್ಮಿಬ್ಬರದೇ ಕತೆಯಂತಾಗಿತ್ತು. ಅದರ ಎರಡನೆಯ ಭಾಗ ಬಂದದ್ದು ನನ್ನ ಕಣ್ಣಿನ ಆಪರೇಷನ್ ಆದ ವಾರ. ನಾನು ಓದುವಂತಿರಲಿಲ್ಲ. ಸೊಸೆ ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಿಂದ ಬಂದು, ಕೈಕಾಲು ತೊಳೆದು, ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.

ಮೊದಲ ಅಧ್ಯಾಯದಲ್ಲೇ ನನಗೆ ಅನುಮಾನ ಶುರುವಾಯಿತು. ಬೇಕರಿ ಸೊಸೆಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ. ಒಲೆ ಬಿಟ್ಟು ಬೀದಿಗಿಳಿಯದವಳಿಗೆ! ಅಂಗಿ ಹೊಲಿದು ಬದುಕಿದವಳು ನಾನು, ತೇಪೆ ಹಾಕಿದ್ದು ಗೊತ್ತಾಗದೇ? ಇತ್ತ ನನ್ನ ಸೊಸೆಯೂ ಫೋನು ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. "ಮನೆ ನೋಡಿದೀನಿ" ಎಂದದ್ದೂ ಕೇಳಿಸಿತ್ತು. ಪಟ್ಟಿ ಕಟ್ಟಿದ್ದು ನನ್ನ ಕಣ್ಣಿಗೆ, ಕಿವಿಗಲ್ಲ. ನನ್ನನ್ನು ಬಿಟ್ಟು ಹೋಗುತ್ತಾಳೆ, ಬಾಯಿಬಿಟ್ಟು ಹೇಳಲಾರದೆ ಪುಸ್ತಕದೊಳಗೆ ತುರುಕುತ್ತಿದ್ದಾಳೆ ಎಂದೇ ಲೆಕ್ಕ ಹಾಕಿದೆ.

ಅವಳು ಯಾವಾಗಲೂ ಓದುವುದು ರೈಲು ತಪ್ಪೀತೆಂಬ ಗಡಿಬಿಡಿಯಲ್ಲಿ. ಒಂದು ಸಂಜೆ ಮಾತ್ರ ಮಾತುಗಳು ತಡೆದು ತಡೆದು ಬಂದವು. ಹಾಳೆ ಮಗುಚಿದ ಸದ್ದೂ ಇರಲಿಲ್ಲ. ಸಿಟ್ಟಿನಲ್ಲಿ ಅದು ನನ್ನ ತಲೆಗೆ ಹೋಗಲಿಲ್ಲ.

"'ಅತ್ತೆ, ನೀವೂ ಬನ್ನಿ ನನ್ಜೊತೆ' ಅಂದಳು," ಎಂದು ಓದಿ ನಿಲ್ಲಿಸಿದಳು.

"ಬರ್ತಾಳಾ ಆ ಮುದುಕಿ?" ನಾನು ರೇಗಿದೆ. "ಬಾಯಿಮಾತಿಗೆ ಕರೆದ್ರೆ ಗಂಟುಮೂಟೆ ಕಟ್ಕೊಂಡು ಹೊರಡೋಕೆ ಅವಳಿಗೇನು ಮಾನ ಮರ್ಯಾದೆ ಇಲ್ವಾ? ಹೋಗೋಳು ಹೋಗ್ಲಿ!"

ಸೊಸೆ ಪುಸ್ತಕ ಮುಚ್ಚಿದಳು.

"ಇವತ್ತಿಗೆ ಸಾಕು ಅತ್ತೆ."

ಮರುದಿನದಿಂದ ಓದು ಮತ್ತೆ ಮೊದಲಿನಂತೆ ಓಡಿತು. ಬಾಲ್ಕನಿಯ ಫೋನು ನಿಂತಿತು. ಅದರಿಂದಲೂ ನನ್ನ ಅನುಮಾನ ಹೆಚ್ಚೇ ಆಯಿತು.

ಇನ್ನು ಓದಬಹುದೆಂದು ಡಾಕ್ಟರು ಹೇಳಿದ ಮೇಲೆ, ಅವಳು ಲ್ಯಾಬಿಗೆ ಹೋದ ಹೊತ್ತು ನೋಡಿ ಪುಸ್ತಕ ಹಿಡಿದೆ. ಕಳ್ಳಿ ಸಿಕ್ಕಿಬಿದ್ದಳೆಂಬ ಹುಮ್ಮಸ್ಸು ನನಗೆ. ಕೆಲಸ ಸಿಕ್ಕಿದ್ದು ಅಚ್ಚಿನಲ್ಲೇ ಇತ್ತು. ಊರು ಬಿಟ್ಟದ್ದೂ ಇತ್ತು: ಅತ್ತೆ ಮಲಗಿದ್ದಾಗ, ಒಂದು ಮಾತೂ ಹೇಳದೆ, ಬೀಗದ ಕೈ ಮೇಜಿನ ಮೇಲಿಟ್ಟು ಹೋಗಿದ್ದಳು. ಬನ್ನಿ ಎಂದು ಕರೆದದ್ದು ಮಾತ್ರ ಎಲ್ಲೂ ಇಲ್ಲ. ಹಿಂದೆ ಮುಂದೆ ಮಗುಚಿ ನೋಡಿದೆ. ಕರೆದದ್ದು ನನ್ನನ್ನು. ಹೋಗ್ಲಿ ಎಂದವಳೂ ನಾನೇ. ನನ್ನ ಬಾಯಿಗಿಷ್ಟು ಬೆಂಕಿ ಬೀಳ! ನಾಚಿಕೆಯಿಂದ ಕೂತಲ್ಲಿ ಕೂರಲಾಗಲಿಲ್ಲ.

ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆಯೇ ಪುಸ್ತಕವನ್ನು ಕೈಗಿಟ್ಟೆ.

"ಆ ಮುದುಕೀನ ಕರೀತಾಳಲ್ಲ, ಆ ಜಾಗ ಇನ್ನೊಂದ್ಸಲ ಓದಮ್ಮ."

ಅವಳು ನನ್ನ ಮೂಗಿನ ಮೇಲಿದ್ದ ಕನ್ನಡಕ ನೋಡಿದಳು. ನಾನು ಓದಿದ್ದೇನೆಂದು ಅವಳಿಗೆ ತಿಳಿಯಿತು. ಪುಸ್ತಕ ತೆರೆಯಲೇ ಇಲ್ಲ.

"ಅತ್ತೆ, ನೀವೂ ಬನ್ನಿ ನನ್ಜೊತೆ."

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ.

"ಬರ್ತಾಳಂತೆ ಕಣೇ," ಎಂದೆ.