ಏರಿಗೆ ಎರಚಿದ ಬೀಜ

"ಯಾವ ಬೀಜ ಅಯ್ನೋರೆ ಇದು? ಊದಿದ್ರೆ ಹಾರೋಗೋ ಹಂಗೈತೆ," ಎಂದಳು ಕೂಲಿ ಹೆಂಗಸರ ಮುಂದಾಳು ಮುದ್ದಮ್ಮ.

"ಹೇಳಿದಷ್ಟು ಮಾಡಮ್ಮ. ಕೂಲಿಯವರಿಗೆ ಯಾಕೆ ಅದೆಲ್ಲ? ನೆನೆಹಾಕು, ಸಗಣಿ ಕೆಮ್ಮಣ್ಣು ಕಲಸು, ಏರಿಗೆ ಎರಚು. ಅಷ್ಟೇ," ಎಂದ ಓವರ್‌ಸಿಯರ್ ವರದರಾಜ.

ಜಾವಗಲ್ ಹತ್ತಿರದ ಆ ಹೊಸ ಕೆರೆಗೆ ಅವನು ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಈ ಮಾತನ್ನು ಇನ್ನೂರು ಸಲವಾದರೂ ಆಡಿದ್ದ. ಏರಿಯ ಹೊರಮೈ ಎರಡು ಫರ್ಲಾಂಗು ಉದ್ದಕ್ಕೂ ಬೋಳು. ಹೋದ ವರ್ಷದ ಮಳೆ ಅದನ್ನು ಕೊರೆದು ಮಣ್ಣನ್ನೆಲ್ಲ ಕೆಳಗಿನ ಗದ್ದೆಗಳಿಗೆ ಸುರಿದಿತ್ತು. ಮುದ್ದಮ್ಮನ ಅರ್ಧ ಎಕರೆ ಭತ್ತವೂ ಅದರಡಿ ಮುಚ್ಚಿಹೋಗಿತ್ತು. ಈ ಸಲ ಆರಿದ್ರಾ ಮಳೆಯೊಳಗೆ ಹುಲ್ಲು ಬೇರೂರದಿದ್ದರೆ ಏರಿಯೇ ಒಡೆಯುವ ಭಯ. ಅಷ್ಟುದ್ದಕ್ಕೂ ಹುಲ್ಲು ನೆಡುತ್ತ ಕೂರಲು ಹೊತ್ತಿಲ್ಲ. ಬೀಜವನ್ನು ಸಗಣಿ-ಮಣ್ಣಿನ ಅಂಬಲಿಯಲ್ಲಿ ಕಲಸಿ ಎರಚಿದರೆ ಇಳಿಜಾರಿಗೆ ಅಂಟಿಕೊಂಡು ಮೊಳೆಯುತ್ತದೆ, ಹೊರದೇಶದಲ್ಲಿ ಇದಕ್ಕೆ ಯಂತ್ರವೇ ಇದೆ ಎಂದು ವರದರಾಜ ಓದಿದ್ದ. ಇಲ್ಲಿದ್ದದ್ದು ಪೀಪಾಯಿ ಮತ್ತು ಬಕೆಟ್ಟು. ಅರಸೀಕೆರೆಗೆ ರೈಲಿನಲ್ಲಿ ಎರಡು ಚೀಲ ಬೀಜ ತರಿಸಿಕೊಂಡಿದ್ದ. ಏಕೆ, ಏನು ಎಂದು ಒಬ್ಬರಿಗೂ ಹೇಳಿರಲಿಲ್ಲ.

ಒಂದು ಚೀಲ ಮುಗಿಯಿತು. ದಿನವೂ ನೀರು ಚಿಮುಕಿಸಿ ಹದಿನೈದು ದಿನವಾದರೂ ಏರಿಯ ಮೇಲೆ ಒಂದು ಗರಿ ಏಳಲಿಲ್ಲ. ವರದರಾಜನಿಗೆ ತಲೆ ಕೆಟ್ಟುಹೋಯಿತು. ಪಕ್ಕದ ಹೊಲದ ಬೋರಯ್ಯನನ್ನು ಹಿಡಿದು ನಿಲ್ಲಿಸಿದ.

"ನಿನ್ನ ಎಮ್ಮೆ ಎಲ್ಲ ಮೇಯ್ದು ಹಾಳು ಮಾಡಿದೆ ಕಣಯ್ಯ!"

"ಹುಟ್ಟದೇ ಇರೋದನ್ನ ನಮ್ಮೆಮ್ಮೆ ಹೆಂಗೆ ಮೇಯ್ತದೆ ಸ್ವಾಮಿ?" ಬೋರಯ್ಯನಿಗೂ ರೇಗಿತು. "ಊರೋರ್ನೆಲ್ಲ ಕಳ್ರಂಗೆ ನೋಡೋದು ಮೊದ್ಲು ಬಿಡಿ."

ಮರುದಿನ ಬೆಳಿಗ್ಗೆ ಎಮ್ಮೆ ಸಿಕ್ಕಿಯೇ ಬಿತ್ತು. ಹಗ್ಗ ಕಿತ್ತುಕೊಂಡು ಬಂದು ಪೀಪಾಯಿಗಳ ಹಿಂದೆ ಬಾಯಾಡಿಸುತ್ತಿತ್ತು. ವರದರಾಜ ಕೊಡೆ ಎತ್ತಿಕೊಂಡು ಓಡಿದ. ಹೋಗಿ ನೋಡಿದರೆ ಅದರ ಕಾಲಡಿ ಚಾಪೆಯಷ್ಟು ಅಗಲಕ್ಕೆ ಹುಲ್ಲು! ದಟ್ಟವಾಗಿ, ಬೆರಳುದ್ದ ಬೆಳೆದಿತ್ತು.

"ಇಲ್ಲೇನು ಹಾಕಿದಿರಿ?" ಎಂದು ಹೆಂಗಸರತ್ತ ಕೂಗಿದ.

"ಜೊಳ್ಳು," ಎಂದಳು ಮುದ್ದಮ್ಮ. "ಭತ್ತದ ಬೀಜ ನೀರಿಗೆ ಹಾಕಿ ತೇಲಿದ್ದನ್ನ ತೆಗೆದು ಬಿಸಾಕಲ್ವಾ? ನಿಮ್ ಬೀಜ ಬಹುಪಾಲೆಲ್ಲ ತೇಲ್ತು. ಎಂಥಾ ಬೀಜ ತಂದವ್ರಪ್ಪಾ ಅಂತ ಬಾಚಿ ಇಲ್ಲಿ ಸುರಿದ್ವಿ. ತಳದಾಗೆ ಉಳಿದ ಚೂರುಪಾರನ್ನೇ ಏರಿಗೆ ಎರಚಿದ್ದು."

"ಅಯ್ಯೋ ರಾಮ! ಹುಲ್ಲಿನ ಬೀಜ ಕಣಮ್ಮ, ಹಗುರ, ತೇಲೋದೇ! ನನ್ನನ್ನ ಒಂದು ಮಾತು ಕೇಳಬಾರದಿತ್ತೇ?"

"ಕೇಳ್ದೆ. ಹೇಳಿದಷ್ಟು ಮಾಡು ಅಂದ್ರಿ." ಮುದ್ದಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಕೆಳಗೆ ನನ್ ಗದ್ದೇನೂ ಐತೆ ಅಯ್ನೋರೆ. ಹುಲ್ಲಿಗೆ ಅಂತ ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

ವರದರಾಜನಿಗೆ ನಾಚಿಕೆಯಾಯಿತು. ಬಯ್ಯಲು ಯಾರೂ ಉಳಿದಿರಲಿಲ್ಲ, ತನ್ನನ್ನು ಬಿಟ್ಟು. ಉಳಿದದ್ದು ಒಂದೇ ಚೀಲ.

"ಇದೂ ತೇಲುತ್ತಲ್ಲ. ಏನು ಮಾಡೋಣ?" ಎಂದು ಕೇಳಿದ. ಆ ಊರಿಗೆ ಬಂದಮೇಲೆ ಅವನು ಯಾರನ್ನಾದರೂ ಸಲಹೆ ಕೇಳಿದ್ದು ಅದೇ ಮೊದಲು.

"ಮೊದ್ಲೇ ನೀರಿಗ್ಯಾಕೆ ಹಾಕ್ತೀರಿ? ಗಟ್ಟಿ ಸಗಣೀಲಿ ಹೊಸಕಿ. ಬೀಜಕ್ಕೆ ಸಗಣಿ ಮೆತ್ತಿದಮ್ಯಾಕೆ ನೀರು."

ವರದರಾಜ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೆಂಗಸರ ನಡುವೆ ಕುಕ್ಕರಗಾಲಲ್ಲಿ ಕುಳಿತ. ಕಲಸುತ್ತಲೇ ಏರಿಯ ವಿಷಯ, ಹುಲ್ಲಿನ ಬೇರಿನ ವಿಷಯ ಎಲ್ಲ ಹೇಳಿದ. ಅಷ್ಟರಲ್ಲಿ ಬೋರಯ್ಯ ಒಂದು ಮಂಕರಿ ಸಗಣಿ ತಂದು ಧೊಪ್ಪನೆ ಇಳಿಸಿದ.

"ನಮ್ಮೆಮ್ಮೇದೇ ಸ್ವಾಮಿ," ಎಂದ, ನಗದೆ.

ಆರಿದ್ರಾ ಮಳೆ ಹಿಡಿದು ಸುರಿದ ದಿನ ಊರೇ ಕೆರೆಯ ಬಳಿ ನಿಂತಿತ್ತು. ಏರಿ ಹಸಿರಾಗಿತ್ತು. ಮುದ್ದಮ್ಮ ಇಳಿಜಾರಿನ ಬುಡದಲ್ಲಿ ಹರಿಯುವ ನೀರನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದಳು. ಮಣ್ಣಿರಲಿಲ್ಲ.

ವರದರಾಜನ ಕಣ್ಣು ಮಾತ್ರ ಮೂಲೆಯಲ್ಲಿ ಬೋಳಾಗಿಯೇ ಉಳಿದಿದ್ದ ಒಂದು ತುಂಡಿನ ಮೇಲೆ ಬಿತ್ತು. "ಅಲ್ಲಿ ಯಾಕೆ ಹುಟ್ಟಿಲ್ಲ ಮುದ್ದಮ್ಮ?"

"ಕೂಲಿಯವರಿಗೆ ಯಾಕೆ ಅಯ್ನೋರೆ ಅದೆಲ್ಲ?" ಎಂದಳು ಮುದ್ದಮ್ಮ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ವರದರಾಜ ಮಳೆಯಲ್ಲೇ ನಿಂತು, ಅವಳು ಹೇಳುವವರೆಗೂ ಕಾದ.